ಅಗಿಯದೆ ನುಂಗಿದ ಮುದ್ದೆ ಎಲ್ಲಿ ಜೀರ್ಣವಾಗುತ್ತದೆ?

ಪ್ರಶ್ನೆ – ಪೋಷಕಿ, ಮಾಗಡಿ ರಸ್ತೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಪಿಷ್ಟದ ಜೀರ್ಣಕ್ರಿಯೆಯು ಲಾಲಾರಸದ ಅಮೈಲೇಸ್ ಕಿಣ್ವದಿಂದ ಬಾಯಿಯಲ್ಲೇ ಆರಂಭವಾಗುತ್ತದೆ ಎಂದು ನನ್ನ ಮಗಳ ಹತ್ತನೇ ತರಗತಿಯ ಪಾಠದಲ್ಲಿದೆ. ಆದರೆ ನಮ್ಮ ಮಾವನವರು ರಾಗಿಮುದ್ದೆಯನ್ನು ಮುರಿದು, ಬಸ್ಸಾರಿನಲ್ಲಿ ಅದ್ದಿ, ಹಲ್ಲಿಗೆ ತಾಗಿಸದೆ ನುಂಗುತ್ತಾರೆ. ಮುದ್ದೆಯನ್ನು ಅಗಿಯಬಾರದೆಂದು ಮಕ್ಕಳಿಗೂ ಹೇಳಿಕೊಡುತ್ತಾರೆ. ರಾಗಿಯಲ್ಲಿ ಹೆಚ್ಚಿನ ಪಾಲು ಪಿಷ್ಟವೇ ಇರುವಾಗ, ಬಾಯಿಯಲ್ಲಿ ಆಗಬೇಕಾದ ಕೆಲಸ ತಪ್ಪಿಹೋದರೆ ಮುಂದೆ ಅದನ್ನು ಯಾವ ಅಂಗ ಮಾಡುತ್ತದೆ ಎಂದು ಮಗಳು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ – ಜೀವಶಾಸ್ತ್ರ ಉಪನ್ಯಾಸಕ, ಜಯನಗರ

ಮೇಡಂ, ಆ ಕೆಲಸ ಮುಖ್ಯವಾಗಿ ನಡೆಯುವುದೇ ಸಣ್ಣ ಕರುಳಿನಲ್ಲಿ. ನುಂಗಿದ ತುತ್ತನ್ನು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವು ಕೆಲವೇ ಸೆಕೆಂಡುಗಳಲ್ಲಿ ಜಠರಕ್ಕೆ ಇಳಿಸುತ್ತದೆ. ಅಲ್ಲಿನ ಹೈಡ್ರೋಕ್ಲೋರಿಕ್ ಆಮ್ಲವು ತುತ್ತಿನೊಳಕ್ಕೆ ಬೆರೆಯುತ್ತಿದ್ದಂತೆ ಲಾಲಾರಸದ ಅಮೈಲೇಸ್ ನಿಷ್ಕ್ರಿಯವಾಗುವುದರಿಂದ, ಚೆನ್ನಾಗಿ ಅಗಿದು ಉಂಡವರಲ್ಲೂ ಪಿಷ್ಟದ ದೊಡ್ಡ ಪಾಲು ಒಡೆಯದೆ ಉಳಿದಿರುತ್ತದೆ. ಜಠರದ ಪೆಪ್ಸಿನ್ ಒಡೆಯುವುದು ಪ್ರೋಟೀನನ್ನು, ಪಿಷ್ಟವನ್ನಲ್ಲ. ಆದರೂ ಮುದ್ದೆಯ ವಿಷಯದಲ್ಲಿ ಜಠರದ ಉಪಕಾರ ಸಣ್ಣದೇನಲ್ಲ: ಅದರ ಮೂರು ಪದರದ ಸ್ನಾಯುಗಳು ತುತ್ತನ್ನು ಒತ್ತಿ, ಕಲಸಿ ಗಂಜಿಯಂತೆ ಮಾಡುತ್ತವೆ, ಕೊನೆಯಲ್ಲಿರುವ ಪೈಲೋರಸ್ ದ್ವಾರವು ಸಾಮಾನ್ಯವಾಗಿ ಒಂದೆರಡು ಮಿಲಿಮೀಟರಿಗಿಂತ ಸಣ್ಣ ಕಣಗಳನ್ನಷ್ಟೇ ಸ್ವಲ್ಪಸ್ವಲ್ಪವಾಗಿ ಹೊರಬಿಟ್ಟು, ದೊಡ್ಡ ಚೂರುಗಳನ್ನು ಮತ್ತೆ ಕಲಸಲು ಹಿಂದಕ್ಕೆ ಕಳಿಸುತ್ತದೆ.

ಸಣ್ಣ ಕರುಳಿನ ಮೊದಲ ಭಾಗವಾದ ಡುಯೋಡಿನಮ್‌ಗೆ ಮೇದೋಜೀರಕ ಗ್ರಂಥಿಯ ರಸ ಬಂದು ಸೇರುತ್ತದೆ. ಅದರಲ್ಲಿರುವ ಬೈಕಾರ್ಬನೇಟ್ ಆಮ್ಲವನ್ನು ತಟಸ್ಥಗೊಳಿಸಿದರೆ, ಅದರದೇ ಅಮೈಲೇಸ್ ಪಿಷ್ಟವನ್ನು ಮಾಲ್ಟೋಸ್ ಮೊದಲಾದ ಸಣ್ಣ ತುಣುಕುಗಳಾಗಿ ಒಡೆಯುತ್ತದೆ. ಕರುಳಿನ ಒಳಗೋಡೆಯ ಕೋಶಗಳ ಮೇಲಿರುವ ಮಾಲ್ಟೇಸ್‌ನಂತಹ ಕಿಣ್ವಗಳು ಅವನ್ನು ಗ್ಲೂಕೋಸ್ ಆಗಿಸುತ್ತವೆ. ಆ ಗ್ಲೂಕೋಸ್ ಒಳಗೋಡೆಯಲ್ಲಿ ಬೆರಳಿನಂತೆ ಚಾಚಿಕೊಂಡಿರುವ ವಿಲ್ಲೈಗಳ ರಕ್ತನಾಳಗಳನ್ನು ಸೇರಿ, ಮೊದಲು ಹೋಗುವುದು ಯಕೃತ್ತಿಗೆ.

ಉತ್ತರ – ಆಹಾರತಜ್ಞೆ, ಮಲ್ಲೇಶ್ವರ

ಮುದ್ದೆಯನ್ನು ನುಂಗಿ ದಕ್ಕಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ರಾಗಿಯನ್ನು ಮೊದಲೇ ಹಿಟ್ಟು ಮಾಡಿರುತ್ತೇವೆ, ಹಿಟ್ಟನ್ನು ಕುದಿಯುವ ಎಸರಿನಲ್ಲಿ ಬೇಯಿಸಿರುತ್ತೇವೆ. ಪಿಷ್ಟದ ಕಣಗಳು ನೀರು ಹೀರಿ ಉಬ್ಬಿರುವುದರಿಂದ ಕಿಣ್ವಗಳಿಗೆ ಅವು ಸುಲಭವಾಗಿ ಸಿಗುತ್ತವೆ. ಈ ಮಾತನ್ನು ಕಡಲೆಕಾಯಿಗೆ ಅನ್ವಯಿಸಬಾರದು. ಅದರ ಕೋಶಭಿತ್ತಿಯ ಸೆಲ್ಯುಲೋಸನ್ನು ಒಡೆಯುವ ಕಿಣ್ವ ನಮ್ಮ ದೇಹದಲ್ಲಿಲ್ಲವಾದ್ದರಿಂದ, ಹಲ್ಲಿನಲ್ಲಿ ಅರೆಯದಿದ್ದರೆ ಒಳಗಿನ ಎಣ್ಣೆ, ಪ್ರೋಟೀನುಗಳ ಒಂದಷ್ಟು ಭಾಗ ವ್ಯರ್ಥವಾಗಿ ಹೊರಹೋಗುತ್ತದೆ. ಸಾರಿನಲ್ಲಿರುವ ಕಾಳು, ಸೊಪ್ಪುಗಳನ್ನೂ ಅಗಿದೇ ತಿನ್ನಬೇಕು. ತಮ್ಮ ಮಾವನವರಿಗೆ ನುಂಗುವಾಗ ಕೆಮ್ಮು ಬರುವುದಾಗಲಿ, ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತಾಗುವುದಾಗಲಿ ಇದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕದೆ ವೈದ್ಯರಿಗೆ ತೋರಿಸಿ.

ಪೋಷಕಿ

ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ರಾಗಿಯ ನಾರು ಏನಾಗುತ್ತದೆ? ಆಮ್ಲದ ವಿಷಯವನ್ನು ಮಗಳಿಗೆ ತೋರಿಸಿಕೊಡುವ ದಾರಿ ಇದೆಯೇ?

ಉತ್ತರ – ಜೀವಶಾಸ್ತ್ರ ಉಪನ್ಯಾಸಕ, ಜಯನಗರ

ನಾರು ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನು ತಲುಪುತ್ತದೆ; ಅಲ್ಲಿನ ಬ್ಯಾಕ್ಟೀರಿಯಾಗಳು ಅದರ ಒಂದು ಭಾಗವನ್ನು ಹುದುಗಿಸುತ್ತವೆ, ಉಳಿದದ್ದು ಮಲದಲ್ಲಿ ಹೋಗುತ್ತದೆ. ಆಮ್ಲದ ಪ್ರಯೋಗವನ್ನು ಶಾಲೆಯ ಪ್ರಯೋಗಾಲಯದಲ್ಲಿ ಶಿಕ್ಷಕರ ಎದುರಿನಲ್ಲೇ ಮಾಡಲಿ. ಮೂರು ಪ್ರನಾಳಗಳಲ್ಲಿ ಶೇಕಡಾ 1ರ ಪಿಷ್ಟದ ದ್ರಾವಣವಿರಲಿ: ಮೊದಲನೆಯದಕ್ಕೆ ಏನನ್ನೂ ಸೇರಿಸದೆ, ಎರಡನೆಯದಕ್ಕೆ ಲಾಲಾರಸವನ್ನು, ಮೂರನೆಯದಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿಗಳ ನಂತರ ಲಾಲಾರಸವನ್ನು ಹಾಕಿ, 20–30 ನಿಮಿಷ ಬಿಟ್ಟು, ಅಯೋಡಿನ್ ಹನಿಸಲಿ. ಪಿಷ್ಟ ಉಳಿದಿದ್ದರೆ ಅಯೋಡಿನ್ ಕಡುನೀಲಿ ಬಣ್ಣ ಕೊಡುತ್ತದೆ; ಹಾಗಾಗಿ ಒಂದು ಮತ್ತು ಮೂರನೆಯ ಪ್ರನಾಳಗಳು ಕಡುನೀಲಿಗೆ ತಿರುಗುತ್ತವೆ, ಎರಡನೆಯದರಲ್ಲಿ ಆ ಬಣ್ಣ ಮೂಡುವುದಿಲ್ಲ.