ಮ್ಯಾಕ್‌ಬೆತ್ ನಿಜಕ್ಕೂ ಕೆಟ್ಟ ರಾಜನಾ? ಅಲ್ಲ ಅಂದ್ರೆ ಅವನ ಕಥೆಯಿಂದ ಕಲಿಯೋದೇನು?

ಪಲ್ಕಿಗುಂಡು, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನಾನು ಬಿಎ ಕೊನೆ ವರ್ಷದ ವಿದ್ಯಾರ್ಥಿನಿ, ಇತಿಹಾಸ ಮತ್ತು ಇಂಗ್ಲಿಷ್ ತಗೊಂಡಿದ್ದೇನೆ. ಹೋದ ವಾರ ಕ್ಲಾಸಲ್ಲಿ ಸೆಮಿನಾರ್ ಇತ್ತು, ವಿಷಯ 'ಇತಿಹಾಸ ಕಲಿಸುವ ಪಾಠ'. ಷೇಕ್ಸ್‌ಪಿಯರ್‌ನ ನಾಟಕ ಹೇಗೂ ಓದಿದ್ದೆ, ಅದಕ್ಕೇ ಸ್ಕಾಟ್ಲೆಂಡಿನ ರಾಜ ಮ್ಯಾಕ್‌ಬೆತ್ ಬಗ್ಗೆ ಮಾತಾಡಿದೆ. ಪಟ್ಟದ ಆಸೆಗೆ ಮನೆಗೆ ಬಂದ ಮುದಿ ರಾಜ ಡಂಕನ್‌ನನ್ನು ಮಲಗಿದ್ದಲ್ಲೇ ಕೊಂದ, ಆಮೇಲೆ ಒಂದು ದಿನವೂ ನೆಮ್ಮದಿ ಇಲ್ಲದೆ ಹಾಳಾದ, ದುರಾಸೆ ಮನುಷ್ಯನನ್ನು ತಿನ್ನುತ್ತೆ ಅಂತ ಹೇಳಿ ಮುಗಿಸಿದೆ. ಚಪ್ಪಾಳೆ ಬಂತು. ಆಗ ಹಿಂದಿನ ಬೆಂಚಿನ ಹುಡುಗ ಒಬ್ಬ ಎದ್ದು "ಇದು ನಡೆದದ್ದಾ, ಬರೆದದ್ದಾ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ನಿಜವಾದ ಮ್ಯಾಕ್‌ಬೆತ್ 1040ರಿಂದ 1057ರವರೆಗೆ 17 ವರ್ಷ ಆಳಿದನಂತೆ. ನಡುವೆ 1050ರಲ್ಲಿ ರೋಮ್ ಯಾತ್ರೆಗೂ ಹೋಗಿ ಬಂದನಂತೆ. ನೆಮ್ಮದಿ ಇಲ್ಲದ ರಾಜ ಸಿಂಹಾಸನ ಬಿಟ್ಟು ಅಷ್ಟು ದೂರ ಹೋಗಿ ಬರುತ್ತಾನಾ? ನಾನು ಹೇಳಿದ್ದು ಪೂರ್ತಿ ತಪ್ಪಾ? ಮುಂದಿನ ವಾರ ಮತ್ತೆ ಮಾತಾಡಲು ಅವಕಾಶ ಕೇಳಿದ್ದೇನೆ. ಸಾವಿರ ವರ್ಷ ಹಿಂದಿನ, ಸಮುದ್ರದಾಚೆಯ ರಾಜರಿಂದ ಕೊಪ್ಪಳದಲ್ಲಿ ಕೂತ ನಾವು ಕಲಿಯೋದು ಏನಾದರೂ ಇದೆಯಾ? ತಿಳಿದವರು ದಯವಿಟ್ಟು ಹೇಳಿ.

ಕೋಟೆ ತಲಬಾಗಿಲು, ರಾಯಚೂರು

ಆ ಹುಡುಗ ಕೇಳಿದ ಪ್ರಶ್ನೆಗಿಂತ ಒಳ್ಳೆ ಪ್ರಶ್ನೆ ಇಲ್ಲ. ಇಪ್ಪತ್ತು ವರ್ಷದಿಂದ ಇತಿಹಾಸ ಹೇಳಿಕೊಡುತ್ತಿದ್ದೇನೆ, ಅಂಥ ಪ್ರಶ್ನೆ ವರ್ಷಕ್ಕೊಮ್ಮೆ ಬಂದರೂ ಜಾಸ್ತಿ.

ಮೊದಲು ನಡೆದದ್ದು ನೋಡೋಣ. ಡಂಕನ್ ಮುದಿ ರಾಜ ಅಲ್ಲ, ಇನ್ನೂ ವಯಸ್ಸಿದ್ದವನು, ಪಟ್ಟಕ್ಕೆ ಬಂದದ್ದೇ 1034ರಲ್ಲಿ. ದಕ್ಷಿಣದ ಡರಹ್ಯಾಮ್ ಊರಿಗೆ ಮುತ್ತಿಗೆ ಹಾಕಿ ಸೋತು ಸೈನ್ಯ ಕಳಕೊಂಡ. ಆಮೇಲೆ ಉತ್ತರದ ಮೊರೇ ಸೀಮೆ ಮೇಲೆ ಏರಿ ಹೋದ. ಮೊರೇಗೆ ಒಡೆಯ ಮ್ಯಾಕ್‌ಬೆತ್. 1040ರಲ್ಲಿ ಎಲ್ಗಿನ್ ಹತ್ತಿರ ನಡೆದ ಕಾಳಗದಲ್ಲಿ ಡಂಕನ್ ಸತ್ತ. ಅತಿಥಿ, ಹಾಸಿಗೆ, ಕಠಾರಿ, ಇವೆಲ್ಲ ಆಮೇಲೆ ಸೇರಿಕೊಂಡವು.

ರೋಮ್ ಯಾತ್ರೆಯ ಮಾತು ನಿಜ. ಮರಿಯಾನುಸ್ ಅನ್ನೋ ಐರಿಷ್ ಸನ್ಯಾಸಿ ಅದನ್ನು ಬರೆದಿಟ್ಟಿದ್ದಾನೆ. ಅವನು ಹುಟ್ಟಿದ್ದು 1028ರಲ್ಲಿ, ಅಂದ್ರೆ ಅದೇ ಕಾಲದವನು. ಸ್ಕಾಟ್ಲೆಂಡಿನ ರಾಜ ರೋಮಿನಲ್ಲಿ ಬಡವರಿಗೆ ಹಣವನ್ನು ಬೀಜದ ಹಾಗೆ ಚೆಲ್ಲಿದ ಅಂತ ಅವನ ಮಾತು. ಕೂರಿಗೆ ಹಿಡಿದು ಅಳತೆಯಲ್ಲಿ ಬಿತ್ತುವುದಲ್ಲ, ಮಡಿಲಿಂದ ಹಿಡಿ ತುಂಬ ತೆಗೆದು ಬೀಸಿ ಚೆಲ್ಲುತ್ತೇವಲ್ಲ, ಹಾಗೆ. ಆ ಒಂದು ಸಾಲು ಓದಿದಾಗೆಲ್ಲ ನನಗೆ ಆ ರಾಜನ ಕೈ ಕಣ್ಣ ಮುಂದೆ ಬರುತ್ತೆ.

ಹಾಗಾದ್ರೆ ಅವನಿಗೆ ಕೆಟ್ಟ ಹೆಸರು ಯಾಕೆ ಬಂತು? 1057ರಲ್ಲಿ ಲಂಫನನ್ ಅನ್ನೋ ಕಡೆ ಅವನನ್ನು ಕೊಂದವನು ಡಂಕನ್ನನ ಮಗ ಮಾಲ್ಕಮ್. ಮ್ಯಾಕ್‌ಬೆತ್‌ನ ಹೆಂಡತಿ ಗ್ರೂಹ್, ಅವಳ ಮೊದಲ ಗಂಡನ ಮಗ ಲೂಲಾಹ್ ಪಟ್ಟಕ್ಕೆ ಬಂದು ಕೆಲವೇ ತಿಂಗಳಲ್ಲಿ ಅವನೂ ಕೊಲೆಯಾದ. ಅಲ್ಲಿಂದ ಮುಂದೆ ಪಟ್ಟವೆಲ್ಲ ಮಾಲ್ಕಮ್ ಮನೆಗೇ. ಮ್ಯಾಕ್‌ಬೆತ್ ಪರವಾಗಿ ಬರೆಯುವವರು ಅರಮನೆಯಲ್ಲಿ ಒಬ್ಬರೂ ಉಳಿಯಲಿಲ್ಲ. ನಾಟಕದಲ್ಲಿ ಬ್ಯಾಂಕೊ ಅಂತ ಒಬ್ಬ ಒಳ್ಳೆಯವನು ಬರುತ್ತಾನಲ್ಲ, ಅವನ ಹೆಸರು ಹಳೆಯ ದಾಖಲೆ ಯಾವುದರಲ್ಲೂ ಇಲ್ಲ. 1527ರಲ್ಲಿ ಅಚ್ಚಾದ ಹೆಕ್ಟರ್ ಬೋಯೀಸ್‌ನ ಚರಿತ್ರೆಯಲ್ಲಿ ಕಾಣಿಸಿಕೊಳ್ಳುತ್ತಾನೆ. ಮ್ಯಾಕ್‌ಬೆತ್ ಸತ್ತು 470 ವರ್ಷ ಆದ ಮೇಲೆ! ನಾಟಕ ಬಂದಾಗ ಲಂಡನ್ನಿನಲ್ಲಿ ಆಳುತ್ತಿದ್ದವನು ಸ್ಕಾಟ್ಲೆಂಡಿನಿಂದ ಬಂದ ಜೇಮ್ಸ್. ಅವನ ಮನೆತನ ತಾವು ಬ್ಯಾಂಕೊ ವಂಶದವರು ಅಂತ ಹೇಳಿಕೊಳ್ಳುತ್ತಿತ್ತು.

ನಿಮ್ಮ ಊರ ಪಕ್ಕದಲ್ಲೇ ಇದಕ್ಕೆ ಜೋಡಿ ಇದೆ. ಚಾಲುಕ್ಯರ ಆರನೇ ವಿಕ್ರಮಾದಿತ್ಯ 1076ರಲ್ಲಿ ಸ್ವಂತ ಅಣ್ಣ ಸೋಮೇಶ್ವರನನ್ನು ಇಳಿಸಿ ಪಟ್ಟ ಏರಿದ. ಆಸ್ಥಾನದ ಕವಿ ಬಿಲ್ಹಣ ಏನು ಬರೆದ? ಅಣ್ಣ ಕೆಟ್ಟವನು, ತಮ್ಮನಿಗೆ ಮನಸ್ಸಿರಲಿಲ್ಲ, ಶಿವನೇ ಅಪ್ಪಣೆ ಕೊಟ್ಟ ಅಂತ. ವಿಕ್ರಮಾದಿತ್ಯ 50 ವರ್ಷ ಆಳಿದ. ಅವನ ದಂಡನಾಯಕ 1112ರಲ್ಲಿ ಕಟ್ಟಿಸಿದ ಇಟಗಿ ಮಹಾದೇವ ಗುಡಿ ನಿಮ್ಮ ಜಿಲ್ಲೆಯದೇ. ವಿಕ್ರಮಾದಿತ್ಯನಿಗೆ ಕವಿ ಇದ್ದ, ಗೆದ್ದು ಉಳಿದ. ಮ್ಯಾಕ್‌ಬೆತ್‌ಗೆ ಅದೆರಡೂ ಇರಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಪಾಠ ಹುಡುಕುವ ಮುಂಚೆ ಎರಡು ಇಸವಿ ಬರೆದುಕೊಳ್ಳಿ. ಘಟನೆ ನಡೆದದ್ದು ಯಾವಾಗ, ಬರೆದದ್ದು ಯಾವಾಗ. ನಡುವೆ ಅಂತರ ಜಾಸ್ತಿ ಇದ್ದು ಕಥೆಯೊಳಗೆ ಪಾಠ ಸಿದ್ಧವಾಗಿ ಕೂತಿದ್ದರೆ, ಅದನ್ನು ಯಾರೋ ತಮ್ಮ ಅಗತ್ಯಕ್ಕೆ ಇಟ್ಟಿದ್ದಾರೆ ಅಂತಲೇ ನಾನು ಮೊದಲು ಅನುಮಾನ ಪಡುತ್ತೇನೆ.

ಎರಿಹೊಲ, ಸಿಂಧನೂರು

ತಂಗೀ, ನಾನು ಓದಿದ್ದು ಕಡಿಮೆ. ಆದರೆ ಈ ಸ್ಕಾಟ್ಲೆಂಡ್ ರಾಜರ ಬಗ್ಗೆ ಆಸೆಯಿಂದ ಓದಿದವನು. ಮ್ಯಾಕ್‌ಬೆತ್ ಒಬ್ಬನನ್ನೇ ಹಿಡಕೊಂಡರೆ ಏನೂ ಗೊತ್ತಾಗಲ್ಲ, ಅವನ ಹಿಂದಿನ ನೂರು ವರ್ಷ ನೋಡು.

ಅಲ್ಲಿ ಆಗ ಅಪ್ಪನ ಪಟ್ಟ ಹಿರಿ ಮಗನಿಗೆ ಅನ್ನೋ ಪದ್ಧತಿ ಇರಲಿಲ್ಲ. ಮನೆತನದಲ್ಲಿ ಎರಡು ಕವಲು, ಒಮ್ಮೆ ಈ ಕವಲಿನವನು, ಮುಂದಿನ ಸಲ ಆ ಕವಲಿನವನು. ರಾಜ ಬದುಕಿರುವಾಗಲೇ ಮುಂದಿನವನು ಯಾರು ಅಂತ ಗೊತ್ತು ಮಾಡಿ ಇಟ್ಟುಕೊಳ್ಳುತ್ತಿದ್ದರು. ಅವನಿಗೆ ಟ್ಯಾನಿಸ್ಟ್ ಅಂತ ಹೆಸರು. ನನಗೆ ಇದು ಓದಿದ ತಕ್ಷಣ ತಿಳಿಯಿತು, ಯಾಕಂದ್ರೆ ನಮ್ಮ ಮನೆಯಲ್ಲಿ ಪೊಲೀಸ್ ಪಾಟೀಲಕಿ ಇತ್ತು. ಮುತ್ತಜ್ಜನ ಕಾಲದಲ್ಲಿ ಹಿರಿ ಮನೆ, ಕಿರಿ ಮನೆ ಅಂತ ಸರದಿ ಮೇಲೆ ಮಾಡುತ್ತಿದ್ದರಂತೆ. ಸರದಿ ಬಂದ ಮನೆಯ ಕಟ್ಟೆ ಮೇಲೆ ಚಾವಡಿ ಕಂಬಳಿ ಹಾಸುತ್ತಿದ್ದರು. ಒಂದು ಸಲ ಹಿರಿ ಮನೆಯವರು ಕಂಬಳಿ ಕೊಡಲಿಲ್ಲ. ಅಷ್ಟೇ. ಮೂರು ತಲೆಮಾರು ಎರಡು ಮನೆ ಒಬ್ಬರ ಬಾಗಿಲು ಒಬ್ಬರು ತುಳಿಯಲಿಲ್ಲ. ನನ್ನ ಅಜ್ಜಿ ಸತ್ತಾಗ ಹೆಗಲು ಕೊಡೋಕೂ ಬರಲಿಲ್ಲ, ಗೋಡೆಗೆ ಗೋಡೆ ಅಂಟಿಕೊಂಡಿದ್ದ ಮನೆ ಅದು.

ಅಲ್ಲೂ ಹಾಗೇ ಆಯ್ತು. 954ರಲ್ಲಿ ಮೊದಲನೇ ಮಾಲ್ಕಮ್ ಕೊಲೆ. 967ರಲ್ಲಿ ಡಬ್, 971ರಲ್ಲಿ ಕುಲೆನ್, 995ರಲ್ಲಿ ಎರಡನೇ ಕೆನೆತ್, 997ರಲ್ಲಿ ಮೂರನೇ ಕಾನ್‌ಸ್ಟಂಟೈನ್, 1005ರಲ್ಲಿ ಮೂರನೇ ಕೆನೆತ್. ಬರೀ 50 ವರ್ಷ! ಈ ಕಡೆ ಸರದಿಗೆ ಕಾಯುವವನಿಗೆ ತಾಳ್ಮೆ ಇಲ್ಲ, ಆ ಕಡೆ ಕೂತವನಿಗೆ ಮಗನಿಗೇ ಕೊಡುವ ಆಸೆ. ಕೊನೆಗೆ ಎರಡನೇ ಮಾಲ್ಕಮ್ ಸರದಿಯನ್ನೇ ಮುರಿದ. ಅವನಿಗೆ ಗಂಡು ಮಕ್ಕಳಿರಲಿಲ್ಲ, ಮಗಳ ಮಗ ಡಂಕನ್‌ಗೆ ಪಟ್ಟ ಹೋಯಿತು. ಇನ್ನೊಂದು ಕವಲಿನ ಹೆಣ್ಣುಮಗಳೇ ಗ್ರೂಹ್, ಮ್ಯಾಕ್‌ಬೆತ್ ಹೆಂಡತಿ. ಈಗ ಹೇಳು, ಮ್ಯಾಕ್‌ಬೆತ್ ಕಸಿದುಕೊಂಡನಾ, ಇಲ್ಲಾ ಅವನ ಹೆಂಡತಿ ಮನೆಯವರ ಕಂಬಳಿ ವಾಪಸ್ ತಂದನಾ?

ಪಲ್ಕಿಗುಂಡು, ಕೊಪ್ಪಳ

ಕಾಕಾ, ಕಂಬಳಿ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಮ್ಮ ತಾತನ ಊರಲ್ಲೂ ಇಂಥದ್ದು ಕೇಳಿದ್ದೇನೆ. ಹಾಗಾದ್ರೆ ಹಿರಿ ಮಗನಿಗೇ ಕೊಡುವ ಪದ್ಧತಿ ಒಳ್ಳೇದು ಅಂತ ಹೇಳಬಹುದಾ? ಅದೇ ಪಾಠ ಅಂತ ಇಟ್ಟುಕೊಳ್ಳಲಾ?

ಕಲ್ಲುಗುಡ್ಡ, ಬಳ್ಳಾರಿ

ಬೇಡ ಸಿಸ್ಟರ್, ಅಲ್ಲೇ ಎಲ್ಲರೂ ಎಡವೋದು. ಕಾಕಾ ಅವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಸರದಿ ಪದ್ಧತಿ ಬರೀ ಕೊಲೆಗೆ ದಾರಿ ಅಂತ ನಾನು ಒಪ್ಪಲ್ಲ.

ಅದೇ ಪದ್ಧತಿಯಲ್ಲಿ ಬಂದವನು ಎರಡನೇ ಕಾನ್‌ಸ್ಟಂಟೈನ್. 900ರಿಂದ 943ರವರೆಗೆ, 43 ವರ್ಷ ಆಳಿದ. ವೈಕಿಂಗರು ಹಡಗಲ್ಲಿ ಬಂದು ಸುಲಿಯುತ್ತಿದ್ದ ಕಾಲ. 937ರಲ್ಲಿ ಬ್ರೂನನ್‌ಬರ್ ಅನ್ನೋ ಕಡೆ ಇಂಗ್ಲಿಷ್ ರಾಜ ಅಥೆಲ್‌ಸ್ಟನ್ ಎದುರು ಸೋತ, ಆ ಯುದ್ಧದಲ್ಲಿ ಮಗನನ್ನೂ ಕಳಕೊಂಡ. ಆದರೂ ರಾಜ್ಯ ಉಳಿಸಿಕೊಂಡ. ಮುಪ್ಪು ಬಂದಾಗ ಪಟ್ಟವನ್ನು ಇನ್ನೊಂದು ಕವಲಿನ ಮಾಲ್ಕಮ್‌ಗೆ ಬಿಟ್ಟು ಸೇಂಟ್ ಆಂಡ್ರೂಸ್ ಮಠ ಸೇರಿದ. 952ರಲ್ಲಿ ತೀರಿಕೊಂಡ. ಕಂಬಳಿಯನ್ನು ತಾನೇ ಮಡಚಿ ಕೊಟ್ಟವನು ಅವನು.

ಆಮೇಲೆ ಒಂದು ವಿಷಯ ಗಮನಿಸಿ. ಶತ್ರು ಬಾಗಿಲಲ್ಲಿ ನಿಂತಿರುವಾಗ ತೊಟ್ಟಿಲ ಮಗುವಿಗೆ ಪಟ್ಟ ಕಟ್ಟೋಕೆ ಆಗಲ್ಲ. ಸರದಿ ಪದ್ಧತಿಯಲ್ಲಿ ಕತ್ತಿ ಹಿಡಿಯಬಲ್ಲ ಗಂಡಸು ಯಾವಾಗಲೂ ಸಿದ್ಧ ಇರುತ್ತಿದ್ದ. ನಮ್ಮ ಕಡೆಯದೇ ನೋಡಿ. 1054ರಲ್ಲಿ, ಅಂದ್ರೆ ಮ್ಯಾಕ್‌ಬೆತ್ ಆಳುತ್ತಿದ್ದಾಗಲೇ, ಚಾಲುಕ್ಯರಿಗೂ ಚೋಳರಿಗೂ ಕೊಪ್ಪಂ ಯುದ್ಧ ಆಯ್ತು. ಅದು ನಿಮ್ಮ ಕೊಪ್ಪಳವೇ ಅಂತ ಹಲವರು, ಕೃಷ್ಣೆ ದಂಡೆಯ ಖಿದ್ರಾಪುರ ಅಂತ ಕೆಲವರು. ಚೋಳ ರಾಜಾಧಿರಾಜ ಆನೆ ಮೇಲೇ ಸತ್ತ. ತಮ್ಮ ಎರಡನೇ ರಾಜೇಂದ್ರ ಅಲ್ಲೇ ರಣದಲ್ಲೇ ಪಟ್ಟ ಕಟ್ಟಿಕೊಂಡು ಓಡುತ್ತಿದ್ದ ಸೈನ್ಯ ನಿಲ್ಲಿಸಿದ. ಕೃಷ್ಣದೇವರಾಯನೂ 1529ರಲ್ಲಿ ಒಂದೂವರೆ ವರ್ಷದ ಮಗನನ್ನು ಬಿಟ್ಟು ತಮ್ಮ ಅಚ್ಯುತರಾಯನನ್ನು ಆರಿಸಿದ. ಅದೇ ಅಚ್ಯುತರಾಯ 1542ರಲ್ಲಿ ಸತ್ತಾಗ ಪಟ್ಟಕ್ಕೆ ಬಂದವನು ಅವನ ಸಣ್ಣ ಮಗ. ಸೋದರಮಾವನೇ ಆ ಹುಡುಗನನ್ನು ಮುಗಿಸಿದ.

ಸ್ಕಾಟ್ಲೆಂಡಿಗೂ ಹಿರಿ ಮಗನ ಪದ್ಧತಿ ಸುಮ್ನೆ ದಕ್ಕಲಿಲ್ಲ. 1286ರಲ್ಲಿ ಮೂರನೇ ಅಲೆಕ್ಸಾಂಡರ್ ರಾತ್ರಿ ಹೊತ್ತು ಕುದುರೆ ಮೇಲೆ ಹೋಗುವಾಗ ಬಿದ್ದು ಸತ್ತ. ಮಕ್ಕಳೆಲ್ಲ ಮೊದಲೇ ತೀರಿಕೊಂಡಿದ್ದರು, ಉಳಿದದ್ದು ನಾರ್ವೆಯಲ್ಲಿದ್ದ ಪುಟ್ಟ ಮೊಮ್ಮಗಳು. ಆ ಕೂಸೂ 1290ರಲ್ಲಿ ದಾರಿಯಲ್ಲೇ ಹೋಯಿತು. ಪಟ್ಟ ನಮ್ಮದು ಅಂತ 13 ಜನ ಎದ್ದರು. ನ್ಯಾಯ ಹೇಳಿ ಅಂತ ಇಂಗ್ಲೆಂಡಿನ ಎಡ್ವರ್ಡ್‌ನನ್ನು ಕರೆದರು, ಅವನು 1296ರಲ್ಲಿ ಸೈನ್ಯ ಸಮೇತ ನುಗ್ಗಿ ಸ್ಕೋನ್ ಊರಿನ ಪಟ್ಟದ ಕಲ್ಲನ್ನೇ ಹೊತ್ತುಕೊಂಡು ಹೋದ. ಅದು ತಿರುಗಿ ಸ್ಕಾಟ್ಲೆಂಡ್ ಸೇರಿದ್ದು 1996ರಲ್ಲಿ. 700 ವರ್ಷ!

ಅದಕ್ಕೇ ಹೇಳೋದು, ಈ ಪದ್ಧತಿ ಒಳ್ಳೇದು ಆ ಪದ್ಧತಿ ಕೆಟ್ಟದ್ದು ಅಂತ ತೀರ್ಪು ಕೊಡಬೇಡಿ. ಆ ಪದ್ಧತಿ ಆಗ ಯಾವ ಭಯಕ್ಕೆ ಹುಟ್ಟಿತು, ಆ ಭಯ ಹೋದ ಮೇಲೂ ಯಾಕೆ ಉಳಿಯಿತು ಅಂತ ಕೇಳಿ.

ಎರಿಹೊಲ, ಸಿಂಧನೂರು

ಒಪ್ಪಿದೆ ತಮ್ಮಾ. ಕಾನ್‌ಸ್ಟಂಟೈನ್ ನನಗೆ ನೆನಪಿಗೇ ಬರಲಿಲ್ಲ. ಜಗಳ ಆದದ್ದು ನೆನಪಿರುತ್ತೆ, ಕೊಟ್ಟು ಹೋದವರು ನೆನಪಿರಲ್ಲ. ನಮ್ಮ ಮನೆತನದಲ್ಲೂ ಜಗಳಕ್ಕೆ ಮುಂಚೆ ಎಷ್ಟು ಸಲ ಆ ಕಂಬಳಿ ತಕರಾರಿಲ್ಲದೆ ಮನೆ ಬದಲಿಸಿತ್ತೋ, ಅದನ್ನು ಯಾರೂ ನನಗೆ ಹೇಳಿಲ್ಲ. ನಾನೂ ಕೇಳಲಿಲ್ಲ.

ಕೋಟೆ ತಲಬಾಗಿಲು, ರಾಯಚೂರು

ಇಬ್ಬರದೂ ಓದಿ ಖುಷಿ ಆಯ್ತು. ಒಂದು ಮಾತು ಸೇರಿಸುತ್ತೇನೆ, ಇದು ನನಗೆ ತುಂಬ ಹತ್ತಿರದ ವಿಷಯ.

ಈ ಮನೆತನದ ಮೂಲಪುರುಷ ಕೆನೆತ್ ಮ್ಯಾಕ್‌ಆಲ್ಪಿನ್. ಸ್ಕಾಟರ ಮೊದಲ ರಾಜ ಅಂತ ಎಲ್ಲ ಕಡೆ ಬರೆಯುತ್ತಾರೆ. ಆದರೆ ಅವನು 858ರಲ್ಲಿ ಸತ್ತಾಗ ಐರ್ಲೆಂಡಿನ ವಾರ್ಷಿಕ ದಾಖಲೆ ಅವನನ್ನು ಕರೆದದ್ದು 'ಪಿಕ್ಟರ ರಾಜ' ಅಂತ. ಪಿಕ್ಟರು ಅಂದ್ರೆ ಅಲ್ಲಿ ಮೊದಲಿಂದ ಇದ್ದ ಜನ. 900ರಲ್ಲಿ ಅವನ ಮೊಮ್ಮಗ ಡೊನಾಲ್ಡ್ ಸತ್ತಾಗ ಅದೇ ದಾಖಲೆಯಲ್ಲಿ ಮೊದಲ ಸಲ 'ಆಲ್ಬದ ರಾಜ' ಅಂತ ಬರುತ್ತೆ. ಆಲ್ಬ ಅಂದ್ರೆ ಅವರ ಗೇಲಿಕ್ ಮಾತಲ್ಲಿ ಸ್ಕಾಟ್ಲೆಂಡ್. ನಡುವೆ 42 ವರ್ಷ. ಒಂದು ಜನದ ಹೆಸರೇ ಹೊರಟುಹೋಯಿತು. ಕೆನೆತ್ ಪಿಕ್ಟ್ ಮುಖಂಡರನ್ನು ಊಟಕ್ಕೆ ಕರೆದು ಮೋಸದಿಂದ ಕೊಲ್ಲಿಸಿದ ಅಂತ ಕಥೆ ಇದೆ, ಅದೂ ನೂರಾರು ವರ್ಷ ಆದ ಮೇಲೆ ಹುಟ್ಟಿದ್ದು. ಜನ ಸಾಯಲಿಲ್ಲ, ನಿಧಾನಕ್ಕೆ ಮಾತು ಬದಲಾಯಿತು. ಪಿಕ್ಟರ ಕಲ್ಲುಗಳು ಇವತ್ತಿಗೂ ನಿಂತಿವೆ, ಅದರ ಮೇಲಿನ ಗುರುತುಗಳ ಅರ್ಥ ಯಾರಿಗೂ ಬಿಡಿಸಲು ಆಗಿಲ್ಲ.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಇಲ್ಲಿ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಬಂತು. ತಿರುಳ್ಗನ್ನಡ ಆಡುವ ಊರುಗಳಲ್ಲಿ ಕೊಪಣ ನಗರದ ಹೆಸರು ಇದೆ. ಅದು ನಿಮ್ಮ ಊರು. ನಮ್ಮ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಒಬ್ಬನ ಕಣ್ಣಿಗೆ ಬಿದ್ದ ಬಂಡೆ ಗೊತ್ತಲ್ಲ? ಅದುವರೆಗೆ ಶಾಸನಗಳಲ್ಲಿ ಬರುವ 'ದೇವಾನಂಪಿಯ' ಅಂದ್ರೆ ಅಶೋಕನೇ ಅಂತ ಲಂಕೆಯ ಗ್ರಂಥ ಇಟ್ಟುಕೊಂಡು ಹೇಳುತ್ತಿದ್ದರು. ಮಸ್ಕಿಯ ಕಲ್ಲಲ್ಲಿ ಹೆಸರೇ ಸಿಕ್ಕಿತು. ಒಂದು ಪದ. ಡೊನಾಲ್ಡ್ ಸಾವಿನ ಸಾಲಿನಲ್ಲಿ ಬರುವ 'ಆಲ್ಬ'ದ ಹಾಗೇ.

ನಿಮ್ಮ ಸೆಮಿನಾರಿಗೆ ಇದರಿಂದಲೇ ಶುರು ಮಾಡಿ. ಬೋರ್ಡಿನ ಮೇಲೆ 1040, 1527 ಅಂತ ಬರೆಯಿರಿ. ಹಿಂದಿನ ಬೆಂಚಿನ ಹುಡುಗನನ್ನು ಮುಂದೆ ಕೂರಿಸಿ.

ಪಲ್ಕಿಗುಂಡು, ಕೊಪ್ಪಳ

ಮೇಡಂ, ಕಾಕಾ, ಅಣ್ಣಾ, ಮೂವರಿಗೂ ಧನ್ಯವಾದ. ಬರೆದುಕೊಂಡೆ. ಮೊದಲ ಸಲ ಹೇಳಿದ್ದು ಎಲ್ಲಿ ತಪ್ಪಿತು ಅಂತ ಎಲ್ಲರ ಮುಂದೆ ಹೇಳಿಯೇ ಶುರು ಮಾಡುತ್ತೇನೆ. ಭಾನುವಾರ ಇಟಗಿಗೂ ಹೋಗುತ್ತೇನೆ, ಅಲ್ಲಿರುವ ವಿಕ್ರಮಾದಿತ್ಯನ ಕಾಲದ ಶಾಸನ ನಾನೇ ಕಣ್ಣಾರೆ ನೋಡಬೇಕು. ಎರಡು ಸಲ ಆ ಗುಡಿಗೆ ಹೋಗಿದ್ದೇನೆ, ಕಂಬ ನೋಡಿ ಬಂದೆ, ಕಲ್ಲಿನ ಹತ್ತಿರ ನಿಲ್ಲಲೇ ಇಲ್ಲ. ಫೋಟೋ ಹಾಕುತ್ತೇನೆ, ಹಳಗನ್ನಡ ಓದಲು ಬರುವವರು ಸಹಾಯ ಮಾಡಿ.

ಕೋಟೆ ತಲಬಾಗಿಲು, ರಾಯಚೂರು

ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನದ ಬಿಸಿಲಲ್ಲಿ ಕಲ್ಲು ಬರೀ ಸಪಾಟಾಗಿ ಕಾಣುತ್ತೆ. ಓರೆ ಬಿಸಿಲು ಬಿದ್ದಾಗ ಅಕ್ಷರದ ಅಂಚಲ್ಲಿ ನೆರಳು ಕೂರುತ್ತೆ, ಆಗ ಸಾಲು ಸಾಲೇ ಎದ್ದು ಬರುತ್ತೆ. ಫೋಟೋ ಹಾಕಿ, ಕೂತು ಓದೋಣ.