ಅಪಾರ್ಟ್‌ಮೆಂಟ್ ಪಾರ್ಕಿಂಗ್‌ಗೆ ಬೊಲ್ಲಾರ್ಡ್: ಯಾವ್ದು ಹಾಕಿಸೋದು? ಹಾಕಿಸಿರೋರು ಹೇಳಿ

ಕೇಳಿದ್ದು:
ಬೆಂಗ್ಳೂರಲ್ಲಿ ನಮ್ಮ ಅಪಾರ್ಟ್‌ಮೆಂಟು. ವಿಸಿಟರ್ಸ್ ಪಾರ್ಕಿಂಗ್ ಪಕ್ಕದಲ್ಲೇ ಮಕ್ಕಳು ಆಡೋ ಜಾಗ, ರಿವರ್ಸ್ ತಗೊಳ್ಳೋ ಕಾರು ಸೀದಾ ವಾಕಿಂಗ್ ದಾರಿಗೇ ಹತ್ತುತ್ತೆ. ಅದೇ ದಾರೀಲಿ ಡೆಲಿವರಿ ಸ್ಕೂಟರ್‌ಗಳ ಕಾಟ ಬೇರೆ. ಬೊಲ್ಲಾರ್ಡ್, ಅಂದ್ರೆ ಗಾಡಿ ತಡೆಯೋಕೆ ನೆಲದಲ್ಲಿ ನೆಡೋ ಗಿಡ್ಡ ಕಂಬ, ಹಾಕಿಸೋಣ ಅಂತ ಕಮಿಟೀಲಿ ತೀರ್ಮಾನ ಆಗಿದೆ, ಆದ್ರೆ ಒಬ್ರು ಸ್ಟೀಲ್ ಅಂತಾರೆ, ಒಬ್ರು ಕಲ್ಲು, ಇನ್ನೊಬ್ರು ಪ್ಲಾಸ್ಟಿಕ್ ಸಾಕು ಅಂತಾರೆ. ಅರ್ಧ ಜಾಗ ಬೇಸ್ಮೆಂಟ್ ಸ್ಲ್ಯಾಬ್ ಮೇಲೆ ಬರುತ್ತೆ.

ಫ್ಯಾಬ್ರಿಕೇಶನ್ ಕೆಲ್ಸದವರೊಬ್ರು:
ಮೆಟೀರಿಯಲ್ ಯಾವ್ದು ಅನ್ನೋ ಜಗಳ ಆಮೇಲೆ ಇಟ್ಕೊಳಿ, ಮೊದ್ಲು ಕೊಟೇಶನ್ ತೆಗ್ದು ಫೌಂಡೇಶನ್ ಬಗ್ಗೆ ಏನು ಬರ್ದಿದಾರೆ ನೋಡಿ, ಎಷ್ಟೋ ಕೊಟೇಶನ್‌ಗಳಲ್ಲಿ ಅದು ಇರೋದೇ ಇಲ್ಲ. ಕೆಳಗೆ ಒಂದು ಪ್ಲೇಟ್, ನಾಲ್ಕು ಆಂಕರ್ ಬೋಲ್ಟ್ ಹೊಡೆದು ನಿಲ್ಸೋ ಟೈಪ್ ನೋಡೋಕೆ ಗಟ್ಟಿ ಅನ್ಸುತ್ತೆ. ಆದ್ರೆ ಬಂಪರ್ ತಾಗೋದು ನೆಲದಿಂದ ಒಂದೂವರೆ ಅಡಿ ಮೇಲೆ, ಅಲ್ಲಿ ಬಿದ್ದ ಏಟು ಸನ್ನೆಗೋಲು ಹಾಕಿ ಮೀಟಿದ ಹಾಗೆ ಗುದ್ದಿದ ಕಡೆಯ ಎರಡು ಬೋಲ್ಟನ್ನ ಮೇಲಕ್ಕೆ ಎಳೆಯುತ್ತೆ, ಬೋಲ್ಟ್ ಮುರಿಯೋದಕ್ಕಿಂತ ಮುಂಚೆ ಅದರ ಸುತ್ತ ಇರೋ ಕಾಂಕ್ರೀಟೇ ಕಿತ್ಕೊಂಡು ಬರುತ್ತೆ. ನೆಲಕ್ಕೆ ಜೋಡಿಸೋ ಪೇವರ್ ಬ್ಲಾಕ್ ಮೇಲೆ ಬೋಲ್ಟ್ ಹೊಡೀತೀವಿ ಅಂದ್ರೆ ಒಪ್ಲೇಬೇಡಿ.

ಮಣ್ಣಿರೋ ಕಡೆ ನಾನು ಮಾಡ್ಸೋದು 4 ಇಂಚಿನ ಎಂಎಸ್ (ಮೈಲ್ಡ್ ಸ್ಟೀಲ್, ಮಾಮೂಲಿ ಉಕ್ಕು) ಪೈಪು, ಹೆವಿ ಕ್ಲಾಸ್ ಅಂದ್ರೆ 5.4 ಎಂಎಂ ದಪ್ಪ ಬರುತ್ತೆ. ಎರಡೂವರೆಯಿಂದ ಮೂರಡಿ ಗುಂಡಿ, ಒಂದೂವರೆ ಅಡಿ ಅಗಲ, ಪೈಪ್ ಸುತ್ತಾನೂ ಒಳಗೂ ಕಾಂಕ್ರೀಟ್, ಮೇಲೆ ಕ್ಯಾಪ್. ನೆಲದ ಮೇಲೆ ಸುಮಾರು ಮೂರಡಿ ಇರ್ಲಿ, ಅದಕ್ಕಿಂತ ಗಿಡ್ಡ ಆದ್ರೆ ರಿವರ್ಸ್ ತಗೊಳ್ಳೋನಿಗೆ ಹಿಂದಿನ ಗ್ಲಾಸಲ್ಲಿ ಕಾಣೋದೇ ಇಲ್ಲ. ಮಣ್ಣಿಗೆ ತಾಗೋ ಜಾಗದಲ್ಲಿ ಕಾಂಕ್ರೀಟನ್ನ ಪೈಪಿಂದ ಹೊರಗೆ ಇಳಿಜಾರು ಮಾಡ್ಸಿ, ನೀರು ನಿಂತ್ರೆ ಪೈಪ್ ಕೊಳೆಯೋದು ಅಲ್ಲೇ.

ಇದೆಲ್ಲ ಪಾರ್ಕಿಂಗ್ ಸ್ಪೀಡಿಗೆ ಸಾಕು. ಆದ್ರೆ 10 ಕಿಮೀ ಸ್ಪೀಡಲ್ಲಿ ಬರೋ ಕಾರು 20ರಲ್ಲಿ ಬಂದ್ರೆ ತಡೀಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಾಗಾಗಿ ಗೇಟಿಂದ ಇಳಿಜಾರಲ್ಲಿ ಕಾರು ಜೋರಾಗಿ ಬರೋ ಜಾಗ ಇದ್ರೆ ಅಲ್ಲಿ 6 ಇಂಚಿನ ಪೈಪೇ ಹಾಕ್ಸಿ, ಜೊತೆಗೆ ಹಂಪ್ ಕೂಡ. ಎಂಬಸಿ, ಏರ್‌ಪೋರ್ಟ್‌ಗಳಿಗೆ ಹಾಕೋ ಕ್ರ್ಯಾಶ್ ರೇಟೆಡ್ ಬೊಲ್ಲಾರ್ಡೇ ಬೇರೆ. ಅದರಲ್ಲಿ ಎಂ30 ಅನ್ನೋ ರೇಟಿಂಗ್ ಅಂದ್ರೆ 6800 ಕೆಜಿ ಟ್ರಕ್ಕು ಗಂಟೆಗೆ ಸುಮಾರು 48 ಕಿಮೀ ಸ್ಪೀಡಲ್ಲಿ ಬಂದು ಗುದ್ದೋ ಟೆಸ್ಟ್. ಅಪಾರ್ಟ್‌ಮೆಂಟ್‌ಗೆ ಅದನ್ನ ಮಾರೋಕೆ ಬಂದ್ರೆ ಬೇಡ ಅನ್ನಿ.

ಕಲ್ಲಿನ ಬಗ್ಗೆ: ಸಾದರಹಳ್ಳಿ ಕಲ್ಲಿನ ಕಂಬ ನಮ್ಮ ಕಡೆ ಸಿಗುತ್ತೆ, ತುಕ್ಕು ಹಿಡಿಯಲ್ಲ, ನೋಡೋಕೂ ಚೆನ್ನಾಗಿರುತ್ತೆ. ಆದ್ರೆ ಕಲ್ಲು ಬಾಗಲ್ಲ, ಜೋರಾಗಿ ಗುದ್ದಿದ್ರೆ ಬುಡದಲ್ಲಿ ತುಂಡಾಗುತ್ತೆ. ಗಾರ್ಡನ್ ಅಂಚಿಗೆ ಹಾಕಿ, ಮಕ್ಕಳಾಡೋ ಜಾಗಕ್ಕೆ ಮಾತ್ರ ಕಾಂಕ್ರೀಟ್ ತುಂಬಿದ ಸ್ಟೀಲೇ ಇರ್ಲಿ.

ಬಸವನಗುಡಿಯಿಂದ:
ಗ್ಯಾಪ್ ಬಗ್ಗೆ ಯಾರೂ ಹೇಳ್ಲಿಲ್ಲ, ಅದಕ್ಕೇ ಬರೀತಿದೀನಿ. ನಮ್ಮಮ್ಮ ವೀಲ್‌ಚೇರಲ್ಲಿ ಓಡಾಡೋದು. ಸ್ಕೂಟರ್ ಬರ್ಬಾರ್ದು ಅಂತ ಬೊಲ್ಲಾರ್ಡ್‌ಗಳನ್ನ ಹತ್ತಿರ ಹತ್ತಿರ ನೆಟ್ಟಿರೋ ಎಷ್ಟೋ ಫುಟ್‌ಪಾತ್‌ಗಳ ಮೇಲೆ ನಾವು ಹತ್ತೋಕೇ ಆಗಲ್ಲ, ರಸ್ತೆಗೇ ಇಳೀಬೇಕು, ಬಸ್ಸು ಲಾರಿ ಮಧ್ಯ. ಸ್ವಲ್ಪ ಟೇಪ್ ಹಿಡಿದು ಅಳೆದು ನೋಡಿ: ವೀಲ್‌ಚೇರ್ ಅಗಲ 65ರಿಂದ 70 ಸೆಂಟಿಮೀಟರ್, ಆಕ್ಟಿವಾ ಹ್ಯಾಂಡಲ್ ಕೂಡ ಹತ್ತಿರ ಹತ್ತಿರ 70. ಒಂದನ್ನ ಬಿಟ್ಟು ಇನ್ನೊಂದನ್ನ ತಡೆಯೋ ಗ್ಯಾಪ್ ಅಂತ ಇಲ್ಲವೇ ಇಲ್ಲ. ಕೇಂದ್ರ ಸರ್ಕಾರದ ಸುಗಮ್ಯತೆ ಮಾರ್ಗಸೂಚೀಲಿ ಎರಡು ಬೊಲ್ಲಾರ್ಡ್ ನಡುವೆ ಕನಿಷ್ಠ 1200 ಮಿಮೀ ಬಿಡಿ ಅಂತಿದೆ, ಅಷ್ಟು ಬಿಟ್ರೂ ಕಾರು ನುಗ್ಗಲ್ಲ, ಆಟೋ ಕೂಡ ನುಗ್ಗಲ್ಲ, ಅದರ ಅಗಲಾನೇ 1300. ಸ್ಕೂಟರ್ ಸಮಸ್ಯೆ ಬೊಲ್ಲಾರ್ಡಿಂದ ತೀರಲ್ಲ, ಗೇಟ್ ಹತ್ರಾನೇ ಡೆಲಿವರಿಯವರಿಗೆ ಗಾಡಿ ನಿಲ್ಸೋಕೆ ನೆರಳಿರೋ ಜಾಗ ಕೊಡಿ, ಆ ಬಿಸಿಲಲ್ಲಿ ಓಡಾಡೋ ಹುಡುಗರಿಗೂ ಒಳ್ಳೇದು. ಅಂದ ಕಾಣ್ಲಿ ಅಂತ ಬೊಲ್ಲಾರ್ಡ್‌ಗಳ ಮಧ್ಯ ಚೈನ್ ಕಟ್ತಾರಲ್ಲ, ದಯವಿಟ್ಟು ಅದು ಬೇಡ. ಕಣ್ಣು ಕಾಣದೋರ ಕೋಲು ಅದರಡಿ ಹೋಗ್ಬಿಡುತ್ತೆ, ಕಾಲು ಸಿಕ್ಕಾಕೊಳ್ಳುತ್ತೆ.

ಮಂಗಳೂರಿಂದ:
ಸ್ಟೇನ್‌ಲೆಸ್ ತಗೊಳ್ಳೋರು ಗ್ರೇಡ್ ಕೇಳಿ, ಬಿಲ್ಲಲ್ಲೂ ಬರೆಸಿ. ಅಗ್ಗದ 202 ಗ್ರೇಡ್ ಕೊಟ್ಟು 304 ಗ್ರೇಡಿನ ರೇಟ್ ಹಾಕೋದುಂಟು, ಹೊಸದಿದ್ದಾಗ ಕಣ್ಣಿಗೆ ಎರಡೂ ಒಂದೇ. ಸಮುದ್ರದ ಗಾಳಿಗೆ ನಮ್ಮಲ್ಲಿ 304 ಮೇಲೂ ಕಂದು ಕಲೆ ಬರ್ತದೆ, 316 ಆದ್ರೆ ಪರ್ವಾಗಿಲ್ಲ. ಬೆಂಗಳೂರಿಗೆ ಅಷ್ಟು ಬೇಡ, ಗ್ಯಾಲ್ವನೈಸ್ ಮಾಡಿ ಮೇಲೆ ಹಳದಿ ಪೌಡರ್ ಕೋಟಿಂಗ್ ಮಾಡಿಸಿದ್ರೆ ಸಾಕು. ಬರೀ ಸ್ಟೀಲ್ ಬಣ್ಣ ಬಿಟ್ರೆ ಮಳೆಗಾಲದ ಸಂಜೆ ಡ್ರೈವರಿಗೂ ಕಾಣುದಿಲ್ಲ, ದೃಷ್ಟಿ ಮಂದ ಇರುವ ಹಿರಿಯರಿಗೂ ಕಾಣುದಿಲ್ಲ. ರಿಫ್ಲೆಕ್ಟಿವ್ ಟೇಪ್ ಎರಡು ಸುತ್ತು ಹಾಕಿ.

ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್, 1200 ಗ್ಯಾಪ್ ಇಡೋಣ ಅಂತ ಕಮಿಟಿಗೆ ಹೇಳ್ತೀನಿ. ಸ್ಲ್ಯಾಬ್ ಮೇಲಿನ ಭಾಗಕ್ಕೆ ಏನ್ಮಾಡೋದು?

ಫ್ಯಾಬ್ರಿಕೇಶನ್ ಕೆಲ್ಸದವರು:
ಸ್ಲ್ಯಾಬ್‌ಗೆ ಡ್ರಿಲ್ ಹಾಕೋದಕ್ಕೆ ಮುಂಚೆ ಬಿಲ್ಡರ್ ಹತ್ರ ಸ್ಟ್ರಕ್ಚರಲ್ ಡ್ರಾಯಿಂಗ್ ತಗೊಂಡು ಎಂಜಿನಿಯರ್‌ಗೆ ತೋರ್ಸಿ. ಪೋಸ್ಟ್ ಟೆನ್ಶನ್ ಸ್ಲ್ಯಾಬ್ ಆಗಿದ್ರೆ ಒಳಗೆ ಬಿಗಿದಿರೋ ಕೇಬಲ್‌ಗೆ ಡ್ರಿಲ್ ತಾಗಿದ್ರೆ ಸ್ಲ್ಯಾಬ್‌ಗೂ ಅಪಾಯ, ಡ್ರಿಲ್ ಹಿಡಿದಿರೋ ಕೆಲ್ಸದವನ ಜೀವಕ್ಕೂ ಅಪಾಯ. ಮಾಮೂಲಿ ಸ್ಲ್ಯಾಬ್ ಆದ್ರೂ ವಾಟರ್‌ಪ್ರೂಫಿಂಗ್ ತೂತಾಗಿ ಬೇಸ್ಮೆಂಟಲ್ಲಿ ಸೋರೋಕೆ ಶುರು. ಅಲ್ಲಿ ತೂತೇ ಬೇಡ. ವೀಲ್ ಸ್ಟಾಪರ್, ಅಂದ್ರೆ ಚಕ್ರಕ್ಕೆ ಅಡ್ಡ ಇಡೋ ಗಿಡ್ಡ ದಿಂಡು, ಅಂಟಿಸಿದ್ರೆ ಕಾರು ಅಲ್ಲೇ ನಿಲ್ಲುತ್ತೆ, 10 ಸೆಂಟಿಮೀಟರ್ ಎತ್ತರ ಸಾಕು, ನಡೆಯೋ ದಾರಿಗೆ ಮಾತ್ರ ಚಾಚ್ಕೊಂಡಿರ್ಬಾರ್ದು, ಎಡವ್ತಾರೆ. ಅದರ ಹಿಂದೆ ಭಾರದ ಕಾಂಕ್ರೀಟ್ ಗಿಡದ ತೊಟ್ಟಿ ಇಡಬಹುದು, ಅಷ್ಟು ಲೋಡ್ ಸ್ಲ್ಯಾಬ್ ತಡೆಯುತ್ತಾ ಅಂತ ಅದೇ ಎಂಜಿನಿಯರ್‌ನ ಕೇಳಿ. ಪ್ಲಾಸ್ಟಿಕ್ ಸ್ಪ್ರಿಂಗ್ ಪೋಸ್ಟು ಕಣ್ಣಿಗೆ ಗುರುತು ಅಷ್ಟೇ, ಬಾಗಿ ಮತ್ತೆ ನಿಲ್ಲುತ್ತೆ, ಕಾರನ್ನ ತಡೆಯಲ್ಲ.

ಇನ್ನೊಂದು, ಫೈರ್ ಎಂಜಿನ್ ಬರೋ ದಾರಿಗೆ ಅಡ್ಡ ಫಿಕ್ಸೆಡ್ ಬೊಲ್ಲಾರ್ಡ್ ಬರಲೇಬಾರ್ದು. ಬೇಕೇ ಬೇಕು ಅಂದ್ರೆ ಅಲ್ಲಿ ಎತ್ತಿ ತೆಗೆಯೋ ಟೈಪು, ಕೀ ಸೆಕ್ಯುರಿಟಿ ಕ್ಯಾಬಿನಲ್ಲಿ ಮೊಳೆಗೆ ನೇತು ಹಾಕಿರ್ಬೇಕು, ರಾತ್ರಿ ಶಿಫ್ಟಿನವರಿಗೂ ತೆಗೆಯೋಕೆ ಬರ್ಬೇಕು. ಕಂಬ ಇಳಿಸೋಕೆ ನೆಲದೊಳಗೆ ಹೂತಿರೋ ಪೈಪಿಗೆ (ಸ್ಲೀವ್) ಅಡಿಯಲ್ಲಿ ಜಲ್ಲಿ ಹಾಕ್ಸಿ ನೀರು ಇಳಿಯೋಕೆ ದಾರಿ ಬಿಡ್ಸಿ, ಇಲ್ಲಾಂದ್ರೆ ಒಂದೇ ಮಳೆಗಾಲಕ್ಕೆ ಕೆಸರು ತುಂಬಿ ಕಂಬ ಅಲ್ಲಾಡೋದೇ ಇಲ್ಲ.