ಟ್ಯಾಪೆಟ್ ಬಿಗಿ ಮಾಡಿದರೂ ಸದ್ದು ಹೋಗುತ್ತಿಲ್ಲ, ಪಂಪಿನ ರಾಕರ್ ಬದಲಿಸಬೇಕಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ನಮಸ್ಕಾರ ಸರ್. ನಮ್ಮದು ಹೋಂಡಾ ಜಿಎಕ್ಸ್160 ಎಂಜಿನ್ ಇರುವ, ಪೆಟ್ರೋಲಿನಲ್ಲಿ ಓಡುವ ನೀರಿನ ಪಂಪ್. ಬೇಸಿಗೆಯಲ್ಲಿ ಹಳ್ಳದಿಂದ ಅಡಿಕೆ ತೋಟಕ್ಕೆ ನೀರು ಹತ್ತಿಸುತ್ತೇವೆ. ಈ ವರ್ಷ ಹೆಡ್ (ಸಿಲಿಂಡರಿನ ತಲೆಭಾಗ) ಕಡೆಯಿಂದ ಟಕ ಟಕ ಸದ್ದು ಬರುತ್ತಿದೆ, ನೀರು ಎತ್ತುವ ಜೋರೂ ಕಮ್ಮಿಯಾಗಿದೆ. ಪೇಟೆಯಲ್ಲಿ ತೋರಿಸಿದೆ, ಟ್ಯಾಪೆಟ್ (ವಾಲ್ವ್ ಮತ್ತು ರಾಕರ್ ನಡುವಿನ ಗ್ಯಾಪ್) ಬಿಗಿ ಮಾಡಿಕೊಟ್ಟರು. ಸ್ವಲ್ಪ ದಿನ ಸುಮ್ಮನಿತ್ತು, ಮತ್ತೆ ಶುರುವಾಯಿತು. ಕವರ್ ಬಿಚ್ಚಿ ನೋಡಿದರೆ ಎಕ್ಸಾಸ್ಟ್ (ಹೊಗೆ ಹೋಗುವ) ಕಡೆಯ ರಾಕರ್, ಅಂದರೆ ವಾಲ್ವನ್ನು ಒತ್ತುವ ತೋಳಿನ ತುದಿಯಲ್ಲಿ ಗುಳಿ ಬಿದ್ದಿದೆ. ಸ್ಟಾರ್ಟ್ ಮಾಡುವ ಹಗ್ಗ ಎಳೆಯಲು ಮೊದಲಿಗಿಂತ ಬಿಗಿ, ಹಾಗಾಗಿ ಕಂಪ್ರೆಶನ್ (ಸಿಲಿಂಡರಿನ ಒಳಗಿನ ಒತ್ತಡ) ಚೆನ್ನಾಗೇ ಇರಬೇಕು ಅಲ್ವಾ? ರಾಕರ್ ಒಂದನ್ನೇ ಹಾಕಿದರೆ ಸಾಕಾ, ಹೆಡ್ ಇಳಿಸಬೇಕಾ?

ಉತ್ತರ (ಮೆಕ್ಯಾನಿಕ್):
ಹೆಡ್ ಇಳಿಸೋದು ಬೇಡ. ರಾಕರ್, ಅದು ಆಡುವ ಆಧಾರವಾದ ಪಿವಟ್, ಅದನ್ನು ಕೆಳಗಿನಿಂದ ಎತ್ತುವ ಪುಶ್ ರಾಡ್ ಎಲ್ಲವೂ ಮೇಲಿನ ಕವರ್ ತೆಗೆದರೆ ಕೈಗೆ ಸಿಗುತ್ತವೆ.

ಮೊದಲು ಹಗ್ಗದ ವಿಷಯ. ಬಿಗಿಯಾಗಿದೆ ಅಂದಿರಲ್ಲ, ಅದು ಒಳ್ಳೇ ಲಕ್ಷಣ ಅಲ್ಲ. ಈ ಎಂಜಿನ್ನಿನ ಕ್ಯಾಮ್ (ವಾಲ್ವ್‌ಗಳನ್ನು ತೆರೆಸುವ ದಂಡ) ಮೇಲೆ ಡಿಕಂಪ್ರೆಸರ್ ಅಂತ ಒಂದು ಸಣ್ಣ ತುಂಡು ಇದೆ. ನೀವು ಹಗ್ಗ ಎಳೆಯುವಾಗ ಅದು ಎಕ್ಸಾಸ್ಟ್ ವಾಲ್ವನ್ನು ಒಂಚೂರು ಎತ್ತಿ ಒಳಗಿನ ಒತ್ತಡ ಬಿಡುತ್ತದೆ. ಅದಕ್ಕೇ ಕೈಗೆ ಹಗುರ ಅನ್ನಿಸೋದು. ಎಂಜಿನ್ ಓಡಲು ಶುರುವಾದ ಮೇಲೆ ಅದು ತಾನೇ ಸರಿದುಕೊಳ್ಳುತ್ತದೆ. ಆ ಎತ್ತುವಿಕೆ ಬಹಳ ಕಮ್ಮಿ. ಎಕ್ಸಾಸ್ಟ್ ಕಡೆ ಗ್ಯಾಪ್ ಜಾಸ್ತಿಯಾದರೆ ಅಷ್ಟೂ ಗ್ಯಾಪಿನಲ್ಲೇ ಕರಗಿ ಹೋಗುತ್ತದೆ, ವಾಲ್ವ್ ಅಲುಗುವುದೇ ಇಲ್ಲ. ಹಗ್ಗ ಬಿಗಿಯಾಗುತ್ತದೆ, ಕೆಲವೊಮ್ಮೆ ಕೈಗೆ ಒದೆಯುತ್ತದೆ ಕೂಡ. ಸದ್ದು, ಸವೆದ ರಾಕರ್, ಬಿಗಿ ಹಗ್ಗ, ಮೂರೂ ಒಂದೇ ಕಾಯಿಲೆ.

ಗುಳಿ ಬಿದ್ದ ರಾಕರ್‌ಗೆ ಟ್ಯಾಪೆಟ್ ಹೊಂದಿಸಿ ಪ್ರಯೋಜನ ಇಲ್ಲ. ಗ್ಯಾಪ್ ಅಳೆಯುವ ಫೀಲರ್ ಗೇಜಿನ ತೆಳು ಪಟ್ಟಿ ಗುಳಿಯ ಎರಡು ದಡದ ಮೇಲೆ ಕೂರುತ್ತದೆ, ತಳ ಮುಟ್ಟುವುದಿಲ್ಲ. ಗೇಜ್ 0.20 ಮಿ.ಮೀ. ಅಂದರೂ ನಿಜವಾದ ಗ್ಯಾಪ್ ಅದಕ್ಕಿಂತ ಜಾಸ್ತಿ ಇರುತ್ತದೆ.

ರಾಕರ್ ಜೊತೆಗೆ ಅದರ ಪಿವಟ್ಟನ್ನೂ ತಗೊಳ್ಳಿ. ಅವೆರಡೂ ಒಂದಕ್ಕೊಂದು ಉಜ್ಜಿ ಸವೆದಿರುತ್ತವೆ. ಹಳೇ ಪಿವಟ್ ಮೇಲೆ ಹೊಸ ರಾಕರ್ ಕೂರಿಸಿದರೆ ಅದೂ ಬೇಗ ಹೋಗುತ್ತದೆ. ಎಕ್ಸಾಸ್ಟ್ ವಾಲ್ವ್ ತುದಿಯಲ್ಲಿ ಒಂದು ಪುಟ್ಟ ಟೊಪ್ಪಿ ಇದೆ, ರೊಟೇಟರ್ ಅಂತಾರೆ. ರಾಕರ್ ಬಡಿಯೋದು ಅದಕ್ಕೇ. ಅದರ ಮೇಲೂ ಗುಂಡಿ ಬಿದ್ದಿದ್ದರೆ ಬದಲಿಸಿ. ರಾಕರ್ ತೆಗೆಯುವಾಗ ಸದ್ದಿಲ್ಲದೆ ಬಿದ್ದು ಹೋಗುವ ಸಾಮಾನು ಇದು, ಹುಷಾರು. ಕವರ್ ತೆಗೆದ ಕೂಡಲೇ ಪುಶ್ ರಾಡ್ ಇಳಿಯುವ ತೂತಿಗೆ ಬಟ್ಟೆ ತುರುಕಿಬಿಡಿ.

ಪ್ರಶ್ನೆ (ತೀರ್ಥಹಳ್ಳಿ):
ಥ್ಯಾಂಕ್ಸ್ ಸರ್. ಇನ್‌ಟೇಕ್ (ಗಾಳಿ ಒಳಬರುವ) ಕಡೆಯ ರಾಕರ್ ಹೊಸದರಂತೆ ಇದೆ. ಇದೊಂದೇ ಯಾಕೆ ಸವೆಯಿತು? ಕೂರಿಸುವ ಕ್ರಮವನ್ನೂ ಹೇಳಿ, ನಾನೇ ಮಾಡುತ್ತೇನೆ.

ಉತ್ತರ:
ಎಕ್ಸಾಸ್ಟ್ ಕಡೆ ಬಿಸಿ ಜಾಸ್ತಿ, ಆಯಿಲ್ ಕಮ್ಮಿಯಾದರೆ ಪೆಟ್ಟು ಮೊದಲು ಅಲ್ಲಿಗೇ. ನನ್ನ ಅನುಮಾನ ನೀವು ಪಂಪ್ ಇಡುವ ಜಾಗದ ಮೇಲೆ. ಈ ಎಂಜಿನ್ನಿನಲ್ಲಿ ಆಯಿಲ್ ಪಂಪೂ ಇಲ್ಲ, ಫಿಲ್ಟರೂ ಇಲ್ಲ. ಕನೆಕ್ಟಿಂಗ್ ರಾಡಿನ ಬುಡದಲ್ಲಿ ಒಂದು ನಾಲಿಗೆ ಇದೆ, ಅದು ಆಯಿಲ್ ಎರಚುತ್ತದೆ. ಆ ಸಿಡಿತವೇ ಪುಶ್ ರಾಡ್ ದಾರಿಯಲ್ಲಿ ಮೇಲೇರಿ ರಾಕರ್ ಮುಟ್ಟಬೇಕು. ಹಳ್ಳದ ದಂಡೆಯಲ್ಲಿ ಓರೆಯಾಗಿ ಇಟ್ಟರೆ ಆಯಿಲ್ ಒಂದು ಮೂಲೆಗೆ ಸರಿದು ನಾಲಿಗೆಗೆ ಸಿಗುವುದಿಲ್ಲ. ಕಲ್ಲು, ಹಲಗೆ ಏನಾದರೂ ಕೊಟ್ಟು ಮಟ್ಟ ಮಾಡಿ. ಆಯಿಲ್ ಹಿಡಿಸುವುದೇ 0.6 ಲೀಟರ್ ಆಸುಪಾಸು, ಕಾಲು ಲೀಟರ್ ಕಮ್ಮಿಯಾದರೆ ಉಳಿಯೋದೇನು? ಹೊಸ ಎಂಜಿನ್ನಿಗೆ ಮೊದಲ 20 ಗಂಟೆಗೆ, ಆಮೇಲೆ ಪ್ರತಿ 100 ಗಂಟೆಗೆ ಅಥವಾ 6 ತಿಂಗಳಿಗೆ ಆಯಿಲ್ ಬದಲಿಸಬೇಕು. 10ಡಬ್ಲ್ಯೂ-30 ಸಾಕು.

ಈಗ ಕೂರಿಸೋದು. ಎಂಜಿನ್ ಪೂರ್ತಿ ತಣ್ಣಗಿರಲಿ, ಪ್ಲಗ್ ಕ್ಯಾಪ್ ಕಿತ್ತಿಡಿ. ಹಗ್ಗವನ್ನು ನಿಧಾನಕ್ಕೆ ಎಳೆದು ಪಿಸ್ಟನ್ನನ್ನು ಕಂಪ್ರೆಶನ್ ಸ್ಟ್ರೋಕಿನ ತುದಿಗೆ ತನ್ನಿ. ಆಗ ಎರಡು ವಾಲ್ವೂ ಮುಚ್ಚಿರುತ್ತವೆ. ಸ್ಟಾರ್ಟರ್ ಪುಲ್ಲಿಯ ಮೇಲಿನ ತ್ರಿಕೋನದ ಗುರುತು ಫ್ಯಾನ್ ಕವರಿನ ಮೇಲ್ಭಾಗದ ತೂತಿನ ನೇರಕ್ಕೆ ಬರಬೇಕು.

ಲಾಕ್ ನಟ್ ಸಡಿಲಿಸಿ ಪಿವಟ್, ರಾಕರ್ ತೆಗೆಯಿರಿ. ಪುಶ್ ರಾಡ್ ಎತ್ತಿ ಗಾಜಿನ ಮೇಲೆ ಉರುಳಿಸಿ ನೋಡಿ, ಸೊಟ್ಟಗಿದ್ದರೆ ಗೊತ್ತಾಗುತ್ತದೆ. ವಾಪಸ್ ಇಳಿಸುವಾಗ ತಾಳ್ಮೆ ಬೇಕು. ಅದರ ಬುಡ ಕೆಳಗೆ ಅದನ್ನು ಎತ್ತುವ ಲಿಫ್ಟರಿನ ಬಟ್ಟಲಿನಲ್ಲೇ ಕೂರಬೇಕು. ಪಕ್ಕಕ್ಕೆ ನಿಂತಿದ್ದರೆ ಮೊದಲ ಹಗ್ಗಕ್ಕೇ ಬಾಗುತ್ತದೆ. ರೊಟೇಟರ್ ಇದೆಯಾ ಅಂತ ಇನ್ನೊಮ್ಮೆ ನೋಡಿ, ಉಜ್ಜುವ ಜಾಗಕ್ಕೆಲ್ಲ ಆಯಿಲ್ ಹಚ್ಚಿ ರಾಕರ್ ಕೂರಿಸಿ.

ಗ್ಯಾಪ್ ಇನ್‌ಟೇಕ್‌ಗೆ 0.15 ಮಿ.ಮೀ., ಎಕ್ಸಾಸ್ಟ್‌ಗೆ 0.20 ಮಿ.ಮೀ. ಆಚೆ ಈಚೆ 0.02 ನಡೆಯುತ್ತದೆ. ಇದು ಹಳೇ ಮಾದರಿಯ ಅಳತೆ; ಹೊಸ ಮಾದರಿಗೆ ಕಮ್ಮಿ ಇರಬಹುದು, ನಿಮ್ಮ ಎಂಜಿನ್ನಿನ ಪುಸ್ತಕ ನೋಡಿಕೊಳ್ಳಿ. ಗೇಜ್ ಎಳೆದರೆ ಲಘುವಾಗಿ ಹಿಡಿಯುವಂತಿರಬೇಕು. ಪಿವಟ್ಟನ್ನು ಸ್ಪ್ಯಾನರಿನಲ್ಲಿ ಹಿಡಿದುಕೊಂಡೇ ಲಾಕ್ ನಟ್ ಬಿಗಿ ಮಾಡಿ, ಟಾರ್ಕ್ ರೆಂಚ್ ಇದ್ದರೆ 10 ನ್ಯೂಟನ್ ಮೀಟರ್. ಬಿಗಿ ಮಾಡುವಾಗ ಗ್ಯಾಪ್ ಬದಲಾಗುವುದೇ ಜಾಸ್ತಿ, ಹಾಗಾಗಿ ಮತ್ತೆ ಗೇಜ್ ಹಾಕಿ. ಬಟ್ಟೆ ತೆಗೆದು, ಹಗ್ಗದಲ್ಲಿ ಕೆಲವು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಿರಿ. ಕವರಿನ ಪ್ಯಾಕಿಂಗ್ ಹರಿದಿದ್ದರೆ ಹೊಸದು ಹಾಕಿ.

ಪ್ರಶ್ನೆ (ಶಿರಸಿ ಕಡೆಯಿಂದ):
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ವೀಡರಿನಲ್ಲಿ (ಕಳೆ ತೆಗೆಯುವ ಯಂತ್ರ) ಸದ್ದು ಬರಬಾರದು ಅಂತ ಗ್ಯಾಪ್ ಇಲ್ಲದ ಹಾಗೆ ಬಿಗಿ ಮಾಡಿಕೊಟ್ಟಿದ್ದಾರೆ. ತಣ್ಣಗಿದ್ದಾಗ ಸರಿ. ಬಿಸಿಯಾಗಿ ನಿಂತರೆ ಮತ್ತೆ ಸ್ಟಾರ್ಟ್ ಆಗೋದೇ ಇಲ್ಲ.

ಉತ್ತರ:
ಇವತ್ತೇ ಓಡಿಸೋದು ನಿಲ್ಲಿಸಿ. ಬಿಸಿಯಾದಾಗ ವಾಲ್ವ್ ಉದ್ದವಾಗುತ್ತದೆ. ಗ್ಯಾಪ್ ಇಲ್ಲದಿದ್ದರೆ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಶನ್ ಸೋರುತ್ತದೆ. ವಾಲ್ವ್ ತನ್ನ ಬಿಸಿಯನ್ನು ಸೀಟಿಗೆ (ಅದು ಮುಚ್ಚಿ ಕೂರುವ ಜಾಗ) ದಾಟಿಸಿಯೇ ತಣ್ಣಗಾಗೋದು, ಸೀಟಿಗೆ ಕೂರದಿದ್ದರೆ ಅಂಚು ಸುಡುತ್ತದೆ. ಸದ್ದು ಮಾಡುವ ಟ್ಯಾಪೆಟ್‌ಗಿಂತ ಇದು ದುಬಾರಿ. ಗ್ಯಾಪ್ ಸರಿ ಮಾಡಿ ನೋಡಿ. ಆಮೇಲೂ ಹಾಗೇ ಇದ್ದರೆ ನಿಮಗೆ ಹೆಡ್ ಇಳಿಸಲೇಬೇಕು. ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಾಕಿ ಉಜ್ಜಬೇಕು, ಅಂಚು ಸುಟ್ಟಿದ್ದರೆ ವಾಲ್ವನ್ನೇ ಬದಲಿಸಬೇಕು.

ಪ್ರಶ್ನೆ (ಶಿರಸಿ):
ನಮ್ಮದು ಚೈನಾ ಎಂಜಿನ್, 168ಎಫ್ ಅಂತ ಬರೆದಿದೆ. ಹೋಂಡಾ ರಾಕರ್ ಕೂರುತ್ತಾ? ಫೀಲರ್ ಬದಲು ವಿಸಿಟಿಂಗ್ ಕಾರ್ಡ್ ಆಗುತ್ತಾ?

ಉತ್ತರ:
ಕಾರ್ಡ್ ಬೇಡ, ಒಂದೊಂದು ಒಂದೊಂದು ದಪ್ಪ ಇರುತ್ತದೆ. ಫೀಲರ್ ಗೇಜ್ ಆಟೋಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ, ಭಾರಿ ಬೆಲೆಯದ್ದೇನಲ್ಲ. 168ಎಫ್ ಹೋಂಡಾ ನೋಡಿಯೇ ಮಾಡಿದ್ದು, ಎಷ್ಟೋ ಸಾಮಾನು ಹೊಂದುತ್ತದೆ, ಎಲ್ಲವೂ ಅಲ್ಲ. ಹಳೇ ರಾಕರ್, ಪಿವಟ್ ಎರಡನ್ನೂ ಅಂಗಡಿಗೆ ಒಯ್ದು ಪಕ್ಕಪಕ್ಕ ಇಟ್ಟು ನೋಡಿಯೇ ತಗೊಳ್ಳಿ. ಗ್ಯಾಪಿನ ಅಳತೆಯನ್ನು ನಿಮ್ಮ ಎಂಜಿನ್ನಿನ ಪುಸ್ತಕದಲ್ಲೇ ನೋಡಿ.

ಪ್ರಶ್ನೆ (ತೀರ್ಥಹಳ್ಳಿ):
ಸರ್, ರಾಕರ್, ಪಿವಟ್ ಹಾಕಿದೆ. ರೊಟೇಟರ್ ಚೆನ್ನಾಗಿತ್ತು. ಹಗ್ಗ ಹಗುರವಾಯಿತು, ನೀರೂ ತೋಟದ ಮೇಲಿನ ಪಟ್ಟಿಯವರೆಗೆ ಹೋಗುತ್ತಿದೆ. ಆದರೂ ಸಣ್ಣಗೆ ಟಿಕ್ ಟಿಕ್ ಇದೆ.

ಉತ್ತರ:
ಅಷ್ಟು ಇರಲಿ, ಅದು ಗ್ಯಾಪಿನ ಸದ್ದು. ಕೆಲವು ಗಂಟೆ ಓಡಿದ ಮೇಲೆ ತಣ್ಣಗಾಗಲು ಬಿಟ್ಟು ಇನ್ನೊಮ್ಮೆ ಅಳೆಯಿರಿ. ಹೊಸ ರಾಕರ್ ಒಂಚೂರು ಕೂರುತ್ತದೆ. ಎಕ್ಸಾಸ್ಟ್ ಗ್ಯಾಪ್ ಮತ್ತೆ ಮತ್ತೆ ಜಾಸ್ತಿಯಾಗುತ್ತಿದ್ದರೆ ಕ್ಯಾಮ್ ಅಥವಾ ಲಿಫ್ಟರ್ ಸವೆದಿದೆ ಅಂತ ಅರ್ಥ. ಆಗ ಪಕ್ಕದ ಕ್ರ್ಯಾಂಕ್‌ಕೇಸ್ ಕವರ್ ಬಿಚ್ಚಬೇಕು, ಗೇರುಗಳ ಟೈಮಿಂಗ್ ಗುರುತು ಕೂಡಿಸಿ ಜೋಡಿಸಬೇಕು. ಆ ಕೆಲಸವನ್ನು ಬಲ್ಲವರ ಕೈಗೇ ಕೊಡಿ.